ಎಂಟು ಸೀಟಿನ ಹೆಲಿಕಾಪ್ಟರ್‌ನಲ್ಲಿ ಇಬ್ಬರು

ಸೇನೆಗೆ ಹಗುರ ಹೆಲಿಕಾಪ್ಟರ್ ಹೇಗೆ ಆರಿಸುತ್ತಾರೆ ಎಂದು ಓದುಗರೊಬ್ಬರು ಕೇಳಿದ್ದಕ್ಕೆ ಕಳೆದ ಸಂಚಿಕೆಯಲ್ಲಿ ಜಾಗ ಸಾಲದೆ ಒಂದೇ ಸಾಲು ಬರೆದಿದ್ದೆ: "ಸೀಟು ಎಣಿಸಬೇಡಿ, ತೂಕ ಹಾಕಿ." ಅದರ ಮೇಲೆ ಪತ್ರಗಳು ಬಂದಿವೆ. ಹೆಚ್ಚಿನವರದು ಕುತೂಹಲ, ಒಬ್ಬರದು ಸಿಟ್ಟು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ನಾನು ಪೈಲಟ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ಹ್ಯಾಂಗರ್‌ನಲ್ಲಿ ಸ್ಪ್ಯಾನರ್ ಹಿಡಿದವನು. ಕೊನೆಯ ಕೆಲವು ವರ್ಷ ಹೊಸ ಯಂತ್ರಗಳನ್ನು ಪರೀಕ್ಷಿಸುವ ತಂಡದ ಹಿಂದೆ ಟೇಪು, ತಕ್ಕಡಿ ಹಿಡಿದು ಓಡಾಡಿದವನು. ಹಾಗಾಗಿ ಹಾರಾಟದ ಸೊಗಸಿನ ಬಗ್ಗೆ ನನ್ನನ್ನು ಕೇಳಬೇಡಿ.

ಪ್ರಶ್ನೆ: ಬ್ರೋಷರ್‌ನಲ್ಲಿ "ಪೈಲಟ್ ಸೇರಿ ಎಂಟು ಜನ" ಎಂದು ಇರುತ್ತದೆ. ಬರೀ ತೂಕ ನೋಡಿದರೆ ಈ ಸಂಖ್ಯೆ ಎಷ್ಟು ಬದಲಾಗಬಹುದು? ಏಳು, ಆರು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಬ್ರೋಷರ್ ಸುಳ್ಳು ಹೇಳುವುದಿಲ್ಲ ತಂಗಿ. ಎಂಟು ಜನ ಕೂರಬಹುದು ಅನ್ನುತ್ತದೆ, ಅಷ್ಟೆ. ಎಂಟು ಜನರನ್ನು ಹೊತ್ತು ಏಳಬಹುದು ಅನ್ನುವುದಿಲ್ಲ.

ಒಂದು ಲೆಕ್ಕ ಹಾಕೋಣ. ಈ ಯಂತ್ರ ಯಾವ ಕಂಪನಿಯದೂ ಅಲ್ಲ, ಲೆಕ್ಕಕ್ಕೆಂದು ನಾನೇ ಕಾಗದದ ಮೇಲೆ ಕಟ್ಟಿದ್ದು. ಹೊರೆಯೆಲ್ಲ ಸೇರಿ ಮೇಲೇಳಬಹುದಾದ ಗರಿಷ್ಠ ತೂಕ 3,000 ಕಿಲೋ. ಖಾಲಿ ಯಂತ್ರ 1,650. ಮಿಕ್ಕ 1,350 ಕಿಲೋವನ್ನು ಬ್ರೋಷರ್‌ನವರು ದಪ್ಪಕ್ಷರದಲ್ಲಿ "ಉಪಯುಕ್ತ ಹೊರೆ" ಎಂದು ಹಾಕಿರುತ್ತಾರೆ. ಈಗ ಕಳೆಯುತ್ತಾ ಬನ್ನಿ. ಇಬ್ಬರು ಪೈಲಟ್‌ಗಳು, ಅವರ ಹೆಲ್ಮೆಟ್ಟು, ಕವಚ, ತುರ್ತು ಚೀಲ ಎಲ್ಲ ಸೇರಿ 200. ಎರಡು ಗಂಟೆಯ ಇಂಧನ: ಈ ಗಾತ್ರದ ಒಂಟಿ ಎಂಜಿನ್ ಯಂತ್ರ ಗಂಟೆಗೆ 180 ಲೀಟರಿನ ಆಸುಪಾಸು ಕುಡಿಯುತ್ತದೆ, ಅಂದರೆ 360 ಲೀಟರ್. ಲೀಟರಿಗೆ 0.8 ಕಿಲೋ ಹಿಡಿದರೆ ಹತ್ತಿರಹತ್ತಿರ 290 ಕಿಲೋ. ಸೀಟಿನ ಸುತ್ತ, ಕಾಲಡಿಯಲ್ಲಿ ಗುಂಡು ತಡೆಯುವ ಹಲಗೆ 120. ಸೇನೆಯ ರೇಡಿಯೊಗಳು, ಕ್ಷಿಪಣಿ ಬಂದರೆ ಎಚ್ಚರಿಸುವ ಉಪಕರಣ, ಎಂಜಿನ್ ಬಾಯಿಗೆ ಮರಳಿನ ಫಿಲ್ಟರ್ ಸೇರಿ 90. ಉಳಿದದ್ದು 650.

ಪರವಾಗಿಲ್ಲ, ಇನ್ನೂ ಐದು ಸೈನಿಕರು ಹತ್ತಬಹುದು ಅಂದುಕೊಳ್ಳುತ್ತೀರಿ. ಆದರೆ ಆ 3,000 ಕಿಲೋ ಸಮುದ್ರಮಟ್ಟದ್ದು, 15 ಡಿಗ್ರಿಯ ತಂಪಿನದ್ದು. ಬಿಸಿಲು ಕಾದ ಗುಡ್ಡದ ನೆತ್ತಿಯಲ್ಲಿ ಇದೇ ಯಂತ್ರ ಗಾಳಿಯಲ್ಲಿ ನಿಂತುಕೊಳ್ಳಬಲ್ಲ ತೂಕ 2,600ಕ್ಕೆ ಇಳಿಯಿತು ಎನ್ನಿ. 400 ಕಿಲೋ ಹೋಯಿತು, ಉಳಿದದ್ದು 250. ಬಂದೂಕು, ಮದ್ದುಗುಂಡು, ನೀರು, ಬೆನ್ನಚೀಲ ಹೊತ್ತ ಸೈನಿಕ 120 ಕಿಲೋ ತೂಗುತ್ತಾನೆ. ಅಲ್ಲಿಗೆ ಇಬ್ಬರು.

ನಾಗರಿಕ ಹೆಲಿಕಾಪ್ಟರ್‌ಗಳ ವಿನ್ಯಾಸ ನಿಯಮದಲ್ಲಿ ಒಬ್ಬ ಮನುಷ್ಯ ಎಂದರೆ 77 ಕಿಲೋ ಎಂದು ಹಿಡಿಯುವ ರೂಢಿ ಬಹಳ ಹಳೆಯದು. ಒಮ್ಮೆ ನಮ್ಮ ಹ್ಯಾಂಗರ್‌ನಲ್ಲಿ ಪೂರ್ತಿ ಸಜ್ಜಾದ ಹುಡುಗರನ್ನು ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಲ್ಲಿಸಿದ್ದೆ. ಅತ್ಯಂತ ಸಣಕಲ ಹುಡುಗನೇ 104 ಕಿಲೋ ತೋರಿಸಿದ. ರೇಡಿಯೊ ಹೊರುವ ಕೆಲಸ ಅವನದು. ಕಂಪನಿಯ ಪ್ರತಿನಿಧಿ ತಕ್ಕಡಿ ಸರಿಯಿದೆಯೇ ಎಂದು ಕೇಳಿದರು. ಅವರನ್ನೇ ಹತ್ತಿಸಿ ತೋರಿಸಿದೆ. ಸರಿಯಿತ್ತು.

ಪ್ರಶ್ನೆ: ಎತ್ತರ ಹೆಚ್ಚಾದರೆ ಗಾಳಿ ತೆಳುವಾಗುವುದು ಮಕ್ಕಳಿಗೆ ಅರ್ಥವಾಗುತ್ತದೆ. ಬಿಸಿಲಿಗೂ ಎತ್ತರಕ್ಕೂ ಏನು ಸಂಬಂಧ ಎಂದು ತರಗತಿಯಲ್ಲಿ ವಿವರಿಸಲು ಸುಲಭವಾದ ಲೆಕ್ಕ ಇದೆಯೇ?
— ಭೌತಶಾಸ್ತ್ರ ಶಿಕ್ಷಕ

ಇದೆ ಮೇಷ್ಟ್ರೇ, ಕರಿಹಲಗೆಯ ಮೂಲೆಯಲ್ಲಿ ಹಿಡಿಸುವಂಥದ್ದು. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಡಿಮೆ. ಇದು ವಾಯುಯಾನದವರು ಒಪ್ಪಿಕೊಂಡ ಮಾದರಿ ವಾತಾವರಣ. ಅದರಂತೆ 5,000 ಅಡಿಯ ಮೈದಾನದಲ್ಲಿ 5 ಡಿಗ್ರಿ ಇರಬೇಕು. ಆದರೆ ಥರ್ಮಾಮೀಟರ್ 35 ತೋರಿಸುತ್ತಿದೆ. 30 ಡಿಗ್ರಿ ಹೆಚ್ಚು. ಪ್ರತಿ ಹೆಚ್ಚುವರಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ: 3,600 ಅಡಿ. ನಿಮ್ಮ ಹೆಲಿಕಾಪ್ಟರ್ ನಿಂತಿರುವುದು 5,000 ಅಡಿಯಲ್ಲಿ, ಅದರ ರೋಟರಿಗೆ ಅನಿಸುವುದು 8,600 ಅಡಿ. ಬಿಸಿ ಗಾಳಿ ಹಿಗ್ಗಿ ತೆಳುವಾಗಿದೆ. ರೋಟರಿಗೆ ಹಿಡಿತ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಬಾಲದ ರೋಟರಿಗೂ ಕಸುವು ಕಡಿಮೆ. ಮೂರೂ ಒಟ್ಟಿಗೆ.

ಅಮೆರಿಕದ ಸೇನೆ ತನ್ನ ದೊಡ್ಡ ಸಾಗಣೆ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್‌ಗೆ ವಿವರ ಬರೆಯುವಾಗ ಇಟ್ಟ ಷರತ್ತು ಇಂಥದ್ದೇ: 4,000 ಅಡಿ, 35 ಡಿಗ್ರಿ ಸೆಲ್ಸಿಯಸ್, ಅಲ್ಲಿ ಹೊರೆ ಹೊತ್ತು ನಿಂತಲ್ಲೇ ನಿಂತು, ಮೇಲಕ್ಕೂ ಏರಬೇಕು. ಅಫ್ಘಾನಿಸ್ತಾನದ ಅನುಭವದ ನಂತರ ಹೊಸ ಎಂಜಿನ್‌ಗಳಿಗೆ 6,000 ಅಡಿ, 35 ಡಿಗ್ರಿ ಎಂದು ಬಿಗಿ ಮಾಡಿದರು. ಯಾವ ಸೇನೆಯಾದರೂ ಹೆಲಿಕಾಪ್ಟರ್ ಕೊಳ್ಳುವ ಮೊದಲು ತನ್ನದೇ ಆದ ಇಂಥ ಒಂದು ಜೋಡಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ನಮ್ಮ ಅತಿ ಕೆಟ್ಟ ಇಳಿದಾಣ ಎಷ್ಟು ಎತ್ತರ, ಅಲ್ಲಿನ ಅತಿ ಕೆಟ್ಟ ಮಧ್ಯಾಹ್ನ ಎಷ್ಟು ಬಿಸಿ. ಆ ಜೋಡಿ ಇಲ್ಲದೆ ಕರೆದ ಟೆಂಡರಿಗೆ ಎಲ್ಲ ಕಂಪನಿಗಳೂ ಪಾಸಾಗುತ್ತವೆ.

ಮಕ್ಕಳು ಜಾಣರಾಗಿದ್ದರೆ ಇನ್ನೊಂದು ಹೇಳಿ. ಸಪಾಟು ನೆಲದ ಮೇಲೆ ಒಂದೆರಡು ಮೀಟರ್ ಎತ್ತರದಲ್ಲಿ ನಿಂತ ಹೆಲಿಕಾಪ್ಟರಿಗೆ ತಾನೇ ಕೆಳಗೆ ತಳ್ಳಿದ ಗಾಳಿ ದಿಂಬಿನಂತೆ ಆಸರೆ ಕೊಡುತ್ತದೆ. ಬೆಟ್ಟದ ಏಣಿನ ಮೇಲೆ ಆ ದಿಂಬು ಇಲ್ಲ, ಗಾಳಿ ಎರಡೂ ಕಡೆ ಜಾರಿ ಹೋಗುತ್ತದೆ. ಮರಗಳ ಮೇಲೆ ನಿಂತು ಹಗ್ಗ ಇಳಿಸುವಾಗಲೂ ಇಲ್ಲ. ಬ್ರೋಷರ್‌ಗಳು ದೊಡ್ಡದಾಗಿ ಅಚ್ಚು ಹಾಕುವುದು ದಿಂಬು ಇರುವ ಸಂಖ್ಯೆ. ಸೈನಿಕನಿಗೆ ಬೇಕಾದದ್ದು ದಿಂಬು ಇಲ್ಲದ್ದು.

ಪ್ರಶ್ನೆ: ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು ಎಂಜಿನ್ನಿನ ಯಂತ್ರವನ್ನೇ ಕೊಳ್ಳುವುದು ಬುದ್ಧಿವಂತಿಕೆ ಅಲ್ಲವೇ? ಇದರಲ್ಲಿ ಚರ್ಚೆ ಏಕೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ

ಎಲ್ಲಿ ಹಾರಿಸುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ ಸ್ವಾಮಿ. ಸಮುದ್ರದ ಮೇಲೆ, ಕಿಕ್ಕಿರಿದ ಊರಿನ ಮೇಲೆ, ರಾತ್ರಿ ಕಾಡಿನ ಮೇಲೆ ಹಾರುವವರಿಗೆ ಎರಡು ಎಂಜಿನ್ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಬಹಳ ಎತ್ತರದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಎರಡೂ ಎಂಜಿನ್ ತಿದಿಯೊತ್ತಿದಂತೆ ಏದುಸಿರು ಬಿಡುತ್ತಿರುವಾಗ ಒಂದು ನಿಂತರೆ, ಉಳಿದ ಒಂದಕ್ಕೆ ಯಂತ್ರವನ್ನು ನಿಂತಲ್ಲೇ ಹಿಡಿದಿಡುವ ಶಕ್ತಿ ಇರುವುದಿಲ್ಲ. ಎರಡನೆಯದರ ತೂಕವನ್ನೂ ಅದರ ಇಂಧನವನ್ನೂ ದಿನವೂ ಹೊತ್ತಿರಿ, ಬೇಕಾದ ಕ್ಷಣಕ್ಕೆ ಅದು ಪೂರ್ತಿ ಒದಗಲಿಲ್ಲ. ಹಾಗಾಗಿಯೇ ಹಿಮಾಲಯ, ಆಂಡೀಸ್, ಆಲ್ಪ್ಸ್‌ಗಳಲ್ಲಿ ಒಂಟಿ ಎಂಜಿನ್ ಯಂತ್ರಗಳು ಇಷ್ಟು ಕಾಲ ಆಳಿದ್ದು. 2005ರ ಮೇ 14ರಂದು ಎವರೆಸ್ಟ್ ತುದಿಯಲ್ಲಿ ಸ್ಕಿಡ್ (ಚಕ್ರದ ಬದಲಿಗೆ ಇರುವ ಕೊಳವೆ ಕಾಲು) ಊರಿ ಮೂರು ನಿಮಿಷ ಐವತ್ತು ಸೆಕೆಂಡು ನಿಂತದ್ದೂ ಒಂಟಿ ಎಂಜಿನ್ನಿನ ಎಎಸ್350 ಬಿ3. ಹಾರಿಸಿದವರು ಫ್ರಾನ್ಸಿನ ಡಿಡಿಯರ್ ಡೆಲ್ಸಾಲ್.

ಒಂಟಿ ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಪೈಲಟ್ ಕ್ಷಣದಲ್ಲಿ ಬ್ಲೇಡ್‌ಗಳ ಕೋನ ತಗ್ಗಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರ ಬಂದಾಗ ಆ ಸುತ್ತಿನ ವೇಗವನ್ನು ಖರ್ಚು ಮಾಡಿ ಮೆಲ್ಲಗೆ ಇಳಿಯಬಹುದು. ಆದರೆ ಕೆಳಗೆ ಇಳಿಯಲು ತಕ್ಕ ಜಾಗ ಬೇಕು, ಕೈಯಲ್ಲಿ ಎತ್ತರವೋ ವೇಗವೋ ಒಂದಾದರೂ ಇರಬೇಕು. ಮೂವತ್ತು ನಲವತ್ತು ಮೀಟರ್ ಮೇಲೆ ಅಲುಗಾಡದೆ ನಿಂತಿದ್ದಾಗ ಎರಡೂ ಇರುವುದಿಲ್ಲ. ಗಾಯಾಳುವನ್ನು ಹಗ್ಗದಲ್ಲಿ ಎತ್ತುವ ಕೆಲಸವೇ ಹೆಚ್ಚಾಗಿದ್ದರೆ ನಾನೂ ಎರಡು ಎಂಜಿನ್ ಕಡೆಗೇ.

ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನನ್ನ ಹಳೆಯ ಸಹೋದ್ಯೋಗಿಗಳು ಪತ್ರ ಬರೆಯುತ್ತಾರೆ. ಕಾಲ ಬದಲಾಗಿದೆ. 2019ರ ಸೆಪ್ಟೆಂಬರ್‌ನಲ್ಲಿ ಎರಡು ಎಂಜಿನ್ನಿನ ಎಚ್145, ದಕ್ಷಿಣ ಅಮೆರಿಕದ ಅಕೊಂಕಾಗುವಾ ಶಿಖರದ ಮೇಲೆ, 6,962 ಮೀಟರಿನಲ್ಲಿ ಇಳಿಯಿತು. ಎರಡು ಎಂಜಿನ್ನಿನ ಯಂತ್ರ ಅಲ್ಲಿ ಇಳಿದದ್ದು ಅದೇ ಮೊದಲು.

ಪ್ರಶ್ನೆ: ಶ್ರೀಮಂತರನ್ನು, ರೋಗಿಗಳನ್ನು ಒಯ್ಯುವ ನಾಗರಿಕ ಹೆಲಿಕಾಪ್ಟರಿಗೆ ಹಸಿರು ಬಣ್ಣ ಬಳಿದು ಸೇನೆಗೆ ಕೊಡುತ್ತಾರಂತೆ. ಇದು ಮೋಸ ಅಲ್ಲವೇ?
— ಪತ್ರಿಕೋದ್ಯಮ ವಿದ್ಯಾರ್ಥಿ

ಮೋಸ ಅಲ್ಲ, ಉಳಿತಾಯ. ಆದರೆ ಯಾವ ಕೆಲಸಕ್ಕೆ ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು.

ಅಮೆರಿಕದ ಸೇನೆ 2006ರ ಜೂನ್‌ನಲ್ಲಿ ಆರಿಸಿದ ಯುಎಚ್-72ಎ ಲಕೋಟಾ ನೋಡಿ. ಮೂಲದಲ್ಲಿ ಅದು ಇಸಿ145, ಯೂರೋಪಿನ ಆಸ್ಪತ್ರೆಗಳ, ಪೊಲೀಸರ ಹೆಲಿಕಾಪ್ಟರ್. ಬೆಲ್ 412, ಎಡಬ್ಲ್ಯು139, ಎಂಡಿ ಎಕ್ಸ್‌ಪ್ಲೋರರ್ ಇವೆಲ್ಲ ಕಣದಲ್ಲಿದ್ದವು. ಸೇನೆ ಬರೆದ ಕೆಲಸದ ಪಟ್ಟಿ ಸ್ಪಷ್ಟವಾಗಿತ್ತು: ಯುದ್ಧಭೂಮಿಗೆ ಕಳಿಸುವುದಿಲ್ಲ, ದೇಶದೊಳಗೆ ಪ್ರವಾಹ ಪರಿಹಾರ, ರೋಗಿ ಸಾಗಣೆ, ತರಬೇತಿ. ಇದರಿಂದ ಬಿಡುಗಡೆಯಾದ ಬ್ಲ್ಯಾಕ್ ಹಾಕ್‌ಗಳು ಇರಾಕಿಗೆ, ಅಫ್ಘಾನಿಸ್ತಾನಕ್ಕೆ ಹೋಗಲಿ ಎಂಬುದು ಉದ್ದೇಶ. ನಾನೂರಕ್ಕೂ ಹೆಚ್ಚು ಲಕೋಟಾಗಳು ಬಂದವು. ತಂದ ಉದ್ದೇಶಕ್ಕೆ ಸರಿಯಾಗಿ ಒದಗಿದವು.

ಹಾಗಂತ ಎಲ್ಲವೂ ನುಣ್ಣಗೆ ಸಾಗಲಿಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಪರೀಕ್ಷೆ ಮಾಡಿದಾಗ ಒಳಗಿನ ತಾಪ 40 ಡಿಗ್ರಿ ದಾಟಿತು. ದೊಡ್ಡ ಗಾಜು, ಸಾಲದ ಗಾಳಿ. ಪೈಲಟ್‌ಗಳ ಬೆವರು ಇರಲಿ, ಒಳಗಿನ ಎಲೆಕ್ಟ್ರಾನಿಕ್ಸೇ ಕಾದು ನಿಲ್ಲುವ ಭಯ ಹುಟ್ಟಿತು. ಆಮೇಲೆ ಗಾಳಿಕಿಂಡಿ ಹಾಕಿದರು, ರೋಗಿ ಸಾಗಿಸುವ ಯಂತ್ರಗಳಿಗೆ ಎಸಿ ಕೂಡಿಸಿದರು. ಇನ್ನೊಂದು ದೂರು: ಇಬ್ಬರು ಗಂಭೀರ ಗಾಯಾಳುಗಳನ್ನು ಮಲಗಿಸಿದರೆ ವೈದ್ಯ ಸಿಬ್ಬಂದಿಗೆ ಕೈಯಾಡಿಸಲು ಜಾಗ ಸಾಲದು.

ಈ ಎರಡನೆಯ ದೂರನ್ನು ಓದಿದಾಗ ನನಗೆ ನಗು ಬಂತು, ಯಾಕೆಂದರೆ ಅದನ್ನು ನಾನು ಬೇರೊಂದು ಯಂತ್ರದಲ್ಲಿ ಮೊಣಕಾಲಿನಿಂದಲೇ ಕಂಡುಕೊಂಡಿದ್ದೆ. ಒಂದು ಪ್ರದರ್ಶನಕ್ಕೆ ನಮ್ಮ ತಂಡದ ಜೊತೆ ಹೋಗುವಾಗ ಖಾಲಿ ಸ್ಟ್ರೆಚರ್ ಒಂದನ್ನು ಹೆಗಲಿಗೇರಿಸಿಕೊಂಡು ಹೋಗಿದ್ದೆ. ಸೇನೆಗಳು ಬಳಸುವ ಸಾಮಾನ್ಯ ಸ್ಟ್ರೆಚರ್ ಹಿಡಿಕೆ ಸೇರಿ 2.29 ಮೀಟರ್ ಉದ್ದ. ಕಂಪನಿಯವರು "ಎರಡು ಸ್ಟ್ರೆಚರ್ ಹಿಡಿಸುತ್ತದೆ" ಎಂದು ತೋರಿಸಿದ್ದು ತಮ್ಮದೇ ಮಡಚುವ ಆಸ್ಪತ್ರೆ ಸ್ಟ್ರೆಚರಿನಲ್ಲಿ. ನನ್ನದನ್ನು ಹಿಂದಿನಿಂದ ತೂರಿಸಿದೆವು. ಹಿಡಿಕೆ ಪೈಲಟ್ ಸೀಟಿನ ಬೆನ್ನಿಗೆ ಬಡಿಯಿತು, ಹಿಂಬಾಗಿಲು ನಾಲ್ಕು ಬೆರಳು ತೆರೆದೇ ಉಳಿಯಿತು. ಹಿಡಿಕೆ ಓರೆ ಮಾಡಿ ಹೇಗೋ ಬಾಗಿಲು ಹಾಕಿದ ಮೇಲೆ ನಮ್ಮ ನರ್ಸಿಂಗ್ ಹವಾಲ್ದಾರರು ಒಳಗೆ ಹೋಗಿ, ಮಲಗಿದವನ ಎದೆ ಒತ್ತಲು ನೋಡಿದರು. ತಲೆ ಎತ್ತಿದರೆ ಚಾವಣಿ, ಮೊಣಕಾಲು ಊರಿದರೆ ಇನ್ನೊಬ್ಬನ ಮುಖ. ಅವರು ಹೊರಗೆ ಬಂದು ಹೇಳಿದ್ದು ಇಷ್ಟೇ: "ಇದರಲ್ಲಿ ಸತ್ತವರನ್ನು ಸಾಗಿಸಬಹುದು ಸರ್." ವರದಿಯಲ್ಲಿ ಆ ವಾಕ್ಯ ಬರಲಿಲ್ಲ. ಬರಬೇಕಿತ್ತು.

ನಾಗರಿಕ ಮೂಲದ ಯಂತ್ರದಲ್ಲಿ ನಾನು ತಪ್ಪದೆ ಕೇಳುವ ಇನ್ನೊಂದು ವಿಷಯ ಇಂಧನ ಟ್ಯಾಂಕ್. ಹೆಲಿಕಾಪ್ಟರ್ ಬಿದ್ದಾಗ ಪೆಟ್ಟಿನಿಂದ ಉಳಿದವರೂ ನಂತರದ ಬೆಂಕಿಯಲ್ಲಿ ಹೋಗುತ್ತಿದ್ದ ಕಾಲ ಇತ್ತು. ಅಮೆರಿಕದ ಸೇನೆ 1970ರಿಂದ ತನ್ನ ಹ್ಯೂಯಿ ಹೆಲಿಕಾಪ್ಟರುಗಳಿಗೆ ಒಡೆಯದ ರಬ್ಬರ್ ಚೀಲದಂಥ ಟ್ಯಾಂಕನ್ನೂ, ಪೆಟ್ಟು ಬಿದ್ದರೆ ಕಳಚಿಕೊಂಡು ತಾನೇ ಮುಚ್ಚಿಕೊಳ್ಳುವ ಕೊಳವೆಯ ಕೊಂಡಿಗಳನ್ನೂ ಹಾಕತೊಡಗಿತು. ಬದುಕಬಹುದಾಗಿದ್ದ ಅಪಘಾತಗಳಲ್ಲಿ ಬೆಂಕಿಯ ಸಾವು ಹೆಚ್ಚುಕಡಿಮೆ ನಿಂತೇಹೋಯಿತು. ನಾಗರಿಕ ನಿಯಮಕ್ಕೆ ಇದು ಬಂದದ್ದು 1994ರಲ್ಲಿ, ಅದೂ ಹೊಸದಾಗಿ ಪ್ರಮಾಣಪತ್ರ ಪಡೆಯುವ ಮಾದರಿಗಳಿಗೆ ಮಾತ್ರ. ಹಳೆಯ ಪ್ರಮಾಣಪತ್ರದ ಮಾದರಿಗಳು ಹಳೆಯ ಟ್ಯಾಂಕಿನಲ್ಲೇ ಕಾರ್ಖಾನೆಯಿಂದ ಹೊರಬರುತ್ತಿದ್ದವು. ಅಮೆರಿಕದಲ್ಲಿ ಆ ಕಿಂಡಿ ಮುಚ್ಚಿದ್ದು 2020ರ ಏಪ್ರಿಲ್‌ನಲ್ಲಿ. ಹಾಗಾಗಿ ಬಣ್ಣ ಯಾವುದಿದ್ದರೂ ನಡೆದೀತು. ಟ್ಯಾಂಕ್ ಯಾವ ನಿಯಮದ್ದು ಎಂದು ಕೇಳಿ.

ಪ್ರಶ್ನೆ: ಅರವತ್ತರ ದಶಕದ ವಿನ್ಯಾಸದ ಚೀತಾ, ಚೇತಕ್‌ಗಳನ್ನು ಭಾರತದ ಸೇನೆ ಇನ್ನೂ ಹಾರಿಸುತ್ತಿದೆ. ಸಮಿತಿಗಳ ಮೇಲೆ ಸಮಿತಿ. ನಿಮ್ಮಂಥವರು ಟೇಪು ಹಿಡಿದು ಅಳೆಯುತ್ತಾ ಕೂತಿದ್ದರಿಂದಲೇ ತಡವಾಯಿತು ಎಂದರೆ ಬೇಸರ ಮಾಡಿಕೊಳ್ಳಬೇಡಿ.
— ಮಾಜಿ ಸೈನಿಕ

ಬೇಸರವಿಲ್ಲ. ನಿಮ್ಮ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನದೂ ಹೌದು.

ಕಾಲು ಪಾಲಿನ ಭಿನ್ನಾಭಿಪ್ರಾಯ ಇದು: ಚೀತಾ ಇಷ್ಟು ದಿನ ಉಳಿದದ್ದು ಬರೀ ಆಲಸ್ಯದಿಂದ ಅಲ್ಲ, ಅದರ ಕೆಲಸವನ್ನು ಮಾಡಬಲ್ಲ ಇನ್ನೊಂದು ಯಂತ್ರ ಸುಲಭಕ್ಕೆ ಸಿಗಲಿಲ್ಲ. ಅದರ ಮೂಲ ಫ್ರಾನ್ಸಿನ ಲಾಮಾ. ಭಾರತ ಎತ್ತರದ ಪ್ರದೇಶಕ್ಕೆಂದು ಕೇಳಿದ್ದರಿಂದಲೇ ಹುಟ್ಟಿದ ಯಂತ್ರ, 1969ರಲ್ಲಿ ಮೊದಲು ಹಾರಿತು. ಗುಟ್ಟು ಇರುವುದು ಎಂಜಿನ್‌ನಲ್ಲಿ. ಅದರ ಆರ್ಟೂಸ್ಟ್ ಎಂಜಿನ್ 870 ಅಶ್ವಶಕ್ತಿ ಕೊಡಬಲ್ಲದು, ಆದರೆ 550ಕ್ಕೆ ಕಟ್ಟಿಹಾಕಿದ್ದಾರೆ. ಕೆಳಗೆ ಹಾರುವಾಗ ಎಂಜಿನ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ, ಗೇರ್‌ಬಾಕ್ಸಿಗೂ ಆಯಾಸವಿಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಕಸುವು ಕುಂದಿದರೂ 550 ಕೊಡುವಷ್ಟು ಇನ್ನೂ ಉಳಿದಿರುತ್ತದೆ. 5,000 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ಅಲ್ಲಿ ಈ ಮಿಗತೆಯೇ ಬಂಡವಾಳ. 1972ರ ಜೂನ್ 21ರಂದು ಜಾನ್ ಬೂಲೆ ಅವರು ಬೋಳಿಸಿ ಹಗುರ ಮಾಡಿದ ಲಾಮಾವನ್ನು 12,442 ಮೀಟರಿಗೆ ಏರಿಸಿದರು. ಅಲ್ಲಿ ಎಂಜಿನ್ ಆರಿಹೋಯಿತು. ಹಿಂದಿನ ಉತ್ತರದಲ್ಲಿ ಹೇಳಿದೆನಲ್ಲ, ಗಾಳಿಯೇ ರೋಟರನ್ನು ತಿರುಗಿಸುವುದು, ಅದನ್ನೇ ನಂಬಿ ನೆಲದವರೆಗೂ ಇಳಿದರು. ಒಂದೇ ಹಾರಾಟದಲ್ಲಿ ಎರಡು ದಾಖಲೆ.

1984ರ ಏಪ್ರಿಲ್‌ನಲ್ಲಿ ಸಿಯಾಚಿನ್‌ನ ಬಿಲಾಫೊಂಡ್ ಲಾ ಕಣಿವೆದಾರಿಗೆ ಸೈನಿಕರನ್ನು ಇಳಿಸಿದ್ದು ಚೀತಾಗಳೇ. ಅತಿ ಎತ್ತರದ ಠಾಣೆಗಳಿಗೆ ಹೋಗುವಾಗ ಅದರ ಹೊರೆ ಕೆಲವೇ ಹತ್ತು ಕಿಲೋಗೆ ಇಳಿಯುತ್ತದೆ. ಆದರೂ ಹೋಗುತ್ತದೆ. ಹೊಸದನ್ನು ಆರಿಸುವಾಗ ಅಳತೆಗೋಲು ಇದು. ವೇಗ, ಸೀಟು, ಗಾಜಿನ ಪರದೆಗಳ ಕಾಕ್‌ಪಿಟ್ ಇವೆಲ್ಲ ಅದರ ನಂತರದ ಮಾತು.

ಇನ್ನು ನಿಮ್ಮ ಮುಕ್ಕಾಲು ಪಾಲು. ಬದಲಿಗೆ 197 ಹೆಲಿಕಾಪ್ಟರ್ ಕೊಳ್ಳುವ ಪ್ರಕ್ರಿಯೆ 2007ರ ಕೊನೆಯಲ್ಲಿ, ಒಪ್ಪಂದ ಕೈಗೆಟಕುವಷ್ಟು ಹತ್ತಿರ ಬಂದಾಗ ರದ್ದಾಯಿತು. ಎದ್ದ ಆಕ್ಷೇಪಗಳಲ್ಲಿ ಮುಖ್ಯವಾದದ್ದು, ಪರೀಕ್ಷೆಗೆ ತಂದ ಯಂತ್ರ ಮಾರಲು ಹೊರಟ ಸೇನಾ ಮಾದರಿಯಲ್ಲ, ನಾಗರಿಕ ಮಾದರಿ ಎಂಬುದು. 2008ರಲ್ಲಿ ಹೊಸದಾಗಿ ಕರೆದರು. ಅದೂ 2014ರ ಆಗಸ್ಟ್‌ನಲ್ಲಿ ರದ್ದು. 2015ರಲ್ಲಿ ರಷ್ಯಾದ ಜೊತೆ 200 ಕಾ-226ಟಿಗಳಿಗೆ ಸರ್ಕಾರಗಳ ನಡುವಿನ ಒಪ್ಪಂದವಾಯಿತು, ಒಂದೂ ಸೇವೆಗೆ ಬರಲಿಲ್ಲ. ಎಚ್‌ಎಎಲ್‌ನ ಎಲ್‌ಯುಎಚ್ 2016ರ ಸೆಪ್ಟೆಂಬರ್ 6ರಂದು ಮೊದಲು ಹಾರಿತು. 3,150 ಕಿಲೋ, ಒಂಟಿ ಎಂಜಿನ್. 2020ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, ಸಿಯಾಚಿನ್‌ನಲ್ಲಿ ಹಾರಿ ತೋರಿಸಿತು.

ಆದರೆ ಸ್ವಾಮಿ, ತಡವಾದದ್ದು ಟೇಪಿನಿಂದಲ್ಲ. ಮೊದಲ ದಿನವೇ ಯಾರಾದರೂ ಟೇಪು ಹಿಡಿದು "ಇದು ಕೊಡುವ ಯಂತ್ರವೇ, ತೋರಿಸುವ ಯಂತ್ರವೇ?" ಎಂದು ಕೇಳಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು ನೀವೇ ಹೇಳಿ.

ಪ್ರಶ್ನೆ: ಚಕ್ರ ಒಳ್ಳೆಯದೋ ಸ್ಕಿಡ್ ಒಳ್ಳೆಯದೋ?
— ಹೈಸ್ಕೂಲ್ ವಿದ್ಯಾರ್ಥಿ

ಸ್ಕಿಡ್ ಅಂದರೆ ಎರಡು ಕೊಳವೆ. ಹಗುರ, ಕೆಡುವಂಥದ್ದು ಏನೂ ಇಲ್ಲ, ಹಿಮದ ಮೇಲೂ ಉಬ್ಬುತಗ್ಗಿನ ಮೇಲೂ ಕೂರುತ್ತದೆ. ನೆಲದ ಮೇಲೆ ಉರುಳಿಕೊಂಡು ಓಡಾಡಬೇಕಾದರೆ, ಹಡಗಿನ ಡೆಕ್ಕಿನ ಮೇಲೆ ತಳ್ಳಬೇಕಾದರೆ ಚಕ್ರ. ಬೆಟ್ಟಕ್ಕೆ ನಾನು ಸ್ಕಿಡ್ ಪಕ್ಷ. ಹ್ಯಾಂಗರ್ ಒಳಗೆ ತಳ್ಳಲು ಸ್ಕಿಡ್‌ಗೆ ಪ್ರತಿ ಸಲ ಪುಟ್ಟ ಚಕ್ರ ಜೋಡಿಸಬೇಕು, ಆ ಬೈಗುಳ ಮಾತ್ರ ಮೆಕ್ಯಾನಿಕ್ಕಿನದು.

ಪ್ರಶ್ನೆ: ಹಗುರ ಹೆಲಿಕಾಪ್ಟರಿಗೇ ರಾಕೆಟ್, ಮಷಿನ್ ಗನ್ ಕಟ್ಟಿದರೆ ಎರಡು ಕೆಲಸ ಒಂದರಲ್ಲೇ ಆಗುವುದಿಲ್ಲವೇ?
— ಕೃಷಿಕ

ಕಟ್ಟಬಹುದು, ಎಚ್145ಎಂನಂಥವು ಅದಕ್ಕೆ ಸಜ್ಜಾಗಿಯೇ ಬರುತ್ತವೆ. ಜರ್ಮನಿ 2023ರ ಡಿಸೆಂಬರ್‌ನಲ್ಲಿ ಆ ಮಾದರಿಗೆ ದೊಡ್ಡ ಆರ್ಡರ್ ಕೊಟ್ಟಿದೆ. ಆದರೆ ಮೊದಲ ಉತ್ತರದ 250 ಕಿಲೋ ನೆನಪಿದೆಯಲ್ಲ? ಗನ್ ಕಟ್ಟಿದ ದಿನ ಅದು ಸಾಗಣೆಯ ಯಂತ್ರವಲ್ಲ. ಕಳಚಿ ಕಟ್ಟಲು ಎಷ್ಟು ಹೊತ್ತು ಬೇಕು ಎಂದು ಕೇಳಿ. ಇನ್ನೊಂದು ದಿಕ್ಕಿನ ತಪ್ಪೂ ಆಗುತ್ತದೆ: ಸ್ವೀಡನ್ ಹಗುರ ಎ109ಗಳನ್ನು 20 ಕೊಂಡಿತ್ತು, ಅಫ್ಘಾನಿಸ್ತಾನಕ್ಕೆ ಗಾಯಾಳು ಸಾಗಣೆಯ ಹೆಲಿಕಾಪ್ಟರ್ ಬೇಕಾದಾಗ 2011ರಲ್ಲಿ 15 ಬ್ಲ್ಯಾಕ್ ಹಾಕ್‌ಗಳನ್ನು ಹೊಸದಾಗಿ ತರಿಸಬೇಕಾಯಿತು.

ಪ್ರಶ್ನೆ: ಮೆಕ್ಯಾನಿಕ್ ಆಗಿದ್ದವರು ನೀವು. ನಿಮಗೆ ಹೊಸ ಹೆಲಿಕಾಪ್ಟರ್ ಜೊತೆ ಒಂದೇ ಗಂಟೆ ಕೊಟ್ಟರೆ ಏನು ನೋಡುತ್ತೀರಿ?
— ಐಟಿಐ ವಿದ್ಯಾರ್ಥಿ

ಇಂಥ ಪ್ರಶ್ನೆಗೆ ಕಾಯುತ್ತಿದ್ದೆ ಕಣಪ್ಪ.

ಮೊದಲು ದಪ್ಪ ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತೇನೆ. ಬೇಸಿಗೆಯಲ್ಲೂ. ಬಾಲದ ಗೇರ್‌ಬಾಕ್ಸ್ ಹತ್ತಿರ ಹೋಗಿ ಚಿಪ್ ಡಿಟೆಕ್ಟರ್ ಬಿಚ್ಚಿ ತೋರಿಸಿ ಅನ್ನುತ್ತೇನೆ. ಅದು ಬೆರಳ ಗಾತ್ರದ ಪ್ಲಗ್, ತುದಿಯಲ್ಲಿ ಅಯಸ್ಕಾಂತ, ಎಣ್ಣೆಯಲ್ಲಿ ಮುಳುಗಿರುತ್ತದೆ. ಒಳಗೆ ಹಲ್ಲೋ ಬೇರಿಂಗೋ ಸವೆದರೆ ಉಕ್ಕಿನ ಚೂರು ಅದಕ್ಕೆ ಅಂಟುತ್ತದೆ, ಕಾಕ್‌ಪಿಟ್‌ನಲ್ಲಿ ದೀಪ ಹತ್ತುತ್ತದೆ. ಪ್ಲಗ್ಗನ್ನು ಬಿಳಿ ಬಟ್ಟೆಗೆ ಒರೆಸಿದಾಗ ಕಾಡಿಗೆಯಂಥ ನುಣ್ಣನೆ ಕಪ್ಪು ಬಂದರೆ ಸಾಮಾನ್ಯ ಸವೆತ. ಒರೆಸಿ, ಹಾಕಿ, ಎಂಜಿನ್ ಓಡಿಸಿ, ಮತ್ತೆ ನೋಡಬಹುದು. ಉಗುರಿಗೆ ಚುಚ್ಚುವ ಹೊಳೆಯುವ ಸೀಳು ಬಂದರೆ ಆ ಯಂತ್ರ ಅಂದು ಹಾರುವುದಿಲ್ಲ. ಇಷ್ಟು ಮುಖ್ಯವಾದ ಪ್ಲಗ್ಗನ್ನು ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ? ಒಂದು ಯಂತ್ರದಲ್ಲಿ ಕವಚದ ಹದಿನಾಲ್ಕು ಸ್ಕ್ರೂ ಬಿಚ್ಚಿ, ವಿಶೇಷ ಸ್ಪ್ಯಾನರ್ ತರಿಸಿ, ನಲವತ್ತು ನಿಮಿಷ ಆಯಿತು. ಎರಡು ಸ್ಕ್ರೂ ಹುಲ್ಲಿಗೆ ಬಿದ್ದು ಸಿಗಲೇ ಇಲ್ಲ. ಇನ್ನೊಂದರಲ್ಲಿ ಪುಟ್ಟ ಬಾಗಿಲು ತೆರೆದು, ಕೈಗವಸಿನ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದರೆ ಈಚೆ ಬಂತು, ಎಣ್ಣೆ ಒಂದು ಹನಿಯೂ ಸೋರಲಿಲ್ಲ. ಮೈನಸ್ 20 ಡಿಗ್ರಿಯಲ್ಲಿ ಕೈಗವಸು ಬಿಚ್ಚಿ ಲೋಹ ಮುಟ್ಟಿದವರಿಗೆ ಇದರ ಬೆಲೆ ಗೊತ್ತು.

ಎರಡನೆಯದು ಬ್ಯಾಟರಿ. ಚಳಿ ನಾಡಿನಲ್ಲಿ ರಾತ್ರಿ ಬ್ಯಾಟರಿಯನ್ನು ಬಿಚ್ಚಿ ಡೇರೆಯೊಳಗೆ ಬೆಚ್ಚಗೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಹತ್ತುವುದಿಲ್ಲ. ಹಾಗಾಗಿ ಅದು ಒಬ್ಬನ ಕೈಗೆ ಎಟುಕುವ ಎತ್ತರದಲ್ಲಿದೆಯೇ, ಹಿಡಿದೆತ್ತಲು ಹಿಡಿಕೆ ಇದೆಯೇ ನೋಡುತ್ತೇನೆ. ಮೂರನೆಯದು ಬ್ಲೇಡಿನ ಮುಂಚೂಣಿ. ಅಲ್ಲಿರುವ ಲೋಹದ ಪಟ್ಟಿಯನ್ನು ಮರಳು ತಿನ್ನುತ್ತದೆ. ರಾತ್ರಿ ಮರಳಲ್ಲಿ ಇಳಿಯುವಾಗ ರೋಟರಿನ ಸುತ್ತ ಕಿಡಿಗಳ ಬಳೆ ಕಾಣುವುದು ಅದೇ. ಪಟ್ಟಿಯನ್ನು ನಮ್ಮ ಹ್ಯಾಂಗರ್‌ನಲ್ಲೇ ಬದಲಿಸಬಹುದೋ, ಇಡೀ ಬ್ಲೇಡನ್ನು ಕಾರ್ಖಾನೆಗೆ ಕಳಿಸಬೇಕೋ? ಉತ್ತರ ಬರೆದುಕೊಡಿ ಎನ್ನುತ್ತೇನೆ, ಬಾಯಿಮಾತು ಬೇಡ.

ನಾಲ್ಕನೆಯದು ಪೆಟ್ಟಿಗೆಗಳು. ಹೆಲಿಕಾಪ್ಟರಿನ ಜೊತೆ ಬರುವ ಏಣಿ, ಜ್ಯಾಕು, ಪರೀಕ್ಷಾ ಉಪಕರಣ ಎಲ್ಲವನ್ನೂ ಒಂದೆಡೆ ಪೇರಿಸಿ ತೂಕ ಹಾಕಿಸುತ್ತೇನೆ. ಮುಂದಿನ ನೆಲೆಗೆ ಹೋಗುವಾಗ ಅದನ್ನು ಹೊರುವುದು ಯಾರು? ಒಂದು ಕಂಪನಿಯವರು ಎರಡು ಲಾರಿ ಎಂದರು. ಅಂಥ ಕಡೆಗೆ ಲಾರಿ ಹೋಗುವ ದಾರಿ ಇದ್ದಿದ್ದರೆ ನಾವು ಹೆಲಿಕಾಪ್ಟರ್ ಯಾಕೆ ಕೊಳ್ಳುತ್ತಿದ್ದೆವು ಎಂದು ಕೇಳಬೇಕೆನಿಸಿತು. ಅಧಿಕಾರಿಗಳು ಇದ್ದರು, ಸುಮ್ಮನಾದೆ.

ಗಂಟೆಯಲ್ಲಿ ಹತ್ತು ನಿಮಿಷ ಉಳಿದಿರುತ್ತದೆ. ಹ್ಯಾಂಗರ್ ಬಾಗಿಲು ಮುಚ್ಚಿಸಿ ದೀಪ ಆರಿಸುತ್ತೇನೆ. ನೈಟ್ ವಿಷನ್ ಗಾಗಲ್ಸ್ ಹಾಕಿಕೊಂಡು ಕಾಕ್‌ಪಿಟ್‌ನಲ್ಲಿ ಕೂತು, ಎಲ್ಲ ಎಚ್ಚರಿಕೆ ದೀಪಗಳನ್ನೂ ಒಟ್ಟಿಗೆ ಹೊತ್ತಿಸಿ ಎನ್ನುತ್ತೇನೆ. ಗಾಗಲ್ಸ್ ಕೆಂಪು ಬೆಳಕನ್ನು ಸಾವಿರಾರು ಪಟ್ಟು ಹಿಗ್ಗಿಸುತ್ತದೆ, ಅದಕ್ಕೇ ಇಂಥ ಕಾಕ್‌ಪಿಟ್‌ಗಳ ದೀಪಗಳಿಗೆ ಹಸಿರು ಫಿಲ್ಟರ್ ಹಾಕಿರುತ್ತಾರೆ. ನಾಗರಿಕ ಮಾದರಿಯ ಒಂದು ಕೆಂಪು ಬಲ್ಬು, ಬೆಂಕಿ ಎಚ್ಚರಿಕೆಯದ್ದೋ ಬಾಗಿಲಿನದ್ದೋ, ಮರೆತು ಉಳಿದಿದ್ದರೆ ಸಾಕು, ಗಾಗಲ್ಸಿನ ತುಂಬ ಬಿಳಿ ಮಂಜು ಕವಿಯುತ್ತದೆ, ಮುಂಗಾಜಿನ ಆಚೆ ಏನೂ ಕಾಣುವುದಿಲ್ಲ. ನಾನು ಕೂತು ನೋಡಿದ ಯಂತ್ರಗಳಲ್ಲಿ ಒಂದರಲ್ಲಿ ಹಾಗೆ ಉಳಿದಿತ್ತು. ಕಂಪನಿಯ ಎಂಜಿನಿಯರ್ ಅದರ ಮೇಲೆ ಕಪ್ಪು ಟೇಪು ಅಂಟಿಸಿ, "ಈಗ ನೋಡಿ" ಎಂದರು. ನಾನು ಟೇಪಿನ ಫೋಟೊ ತೆಗೆದು ವರದಿಗೆ ಅಂಟಿಸಿದೆ.